ಮೂವತ್ತಾರರ ಸೊಂಟ

ಬಸ್ ಡಿಪೋ ಎದುರಿನ ದರ್ಜಿ ಅಂಗಡಿಯಲ್ಲಿ ಅಳತೆ ಟೇಪು ಗೋಡೆಯ ಮೊಳೆಗೆ ನೇತಾಡುತ್ತಿತ್ತೇ ಹೊರತು ಮಾಸ್ಟರ್ ಕೈಗೆ ಬಂದದ್ದು ಅಪರೂಪ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಎದೆ ನಲವತ್ತು, ತೋಳು ಇಪ್ಪತ್ನಾಲ್ಕು, ಸರಿನಾ?" ಎನ್ನುತ್ತಿದ್ದ. ಜನ ಬೆರಗಾಗುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಸ್ವಂತ ಹೆಸರು ಎಲ್ಲರಿಗೂ ಮರೆತು, ಕಣ್ಣಳತೆ ಮಾಸ್ಟರ್ ಎಂಬುದೊಂದೇ ಉಳಿದಿತ್ತು.

ಅಂಗಿ ಸರಿಯಾಗಿ ಕೂತವರು ಹೊಗಳಿ ಹೋಗುತ್ತಿದ್ದರು. ಕೂರದಿದ್ದವು ಪರದೆಯ ಹಿಂದೆ, ಹೆಂಡತಿಯ ಹೊಲಿಗೆ ಯಂತ್ರದ ಪಕ್ಕದ ಬುಟ್ಟಿಗೆ ರಿಪೇರಿಗೆಂದು ಬೀಳುತ್ತಿದ್ದವು. ಬಿಗಿ ಎಂದವರಿಗೆ "ಮನೆ ಊಟ ಮೈಗೆ ಹತ್ತಿದೆ ನಿಮಗೆ" ಎನ್ನುತ್ತಿದ್ದ, ಸಡಿಲ ಎಂದವರಿಗೆ "ಊಟ ಸರಿಯಾಗಿ ಮಾಡ್ತಿಲ್ವಾ?" ಎನ್ನುತ್ತಿದ್ದ. ತಪ್ಪು ಯಾವಾಗಲೂ ಗಿರಾಕಿಯ ಮೈಯದು. ಅದು ಅವನ ಸುಳ್ಳಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಹೊಗಳಿಕೆಗಳೆಲ್ಲ ನೆನಪಿದ್ದವು, ಬುಟ್ಟಿ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅವನ ಅಣ್ಣ ಎದುರಿನ ಡಿಪೋದಲ್ಲೇ ಬಸ್ ಓಡಿಸುತ್ತಿದ್ದ. ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗುವುದು ರೂಢಿ. ವರ್ಷಕ್ಕೊಮ್ಮೆ ಸಮವಸ್ತ್ರದ ಬಟ್ಟೆ ತಂದಾಗ ಮಾಸ್ಟರ್ ತಲೆಯನ್ನೂ ಎತ್ತುತ್ತಿರಲಿಲ್ಲ. ಒಡಹುಟ್ಟಿದವನ ಸೊಂಟ ಮೂವತ್ತಾರು, ಅದರಲ್ಲಿ ನೋಡುವುದೇನು?

ಈ ವರ್ಷ ಹೊಸ ಪ್ಯಾಂಟು ತೊಟ್ಟು ಮೂಲೆಯ ಟ್ರಯಲ್ ಕೋಣೆಯಿಂದ ಹೊರಬಂದ ಅಣ್ಣ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದ.

"ಏನೋ ಇದು, ಕಂಡಕ್ಟರ್‌ನೂ ನನ್ನ ಜೊತೆ ಇದರೊಳಗೆ ನಿಲ್ಲಿಸಬಹುದಲ್ಲೋ!"

"ಬೆಲ್ಟ್ ಹಾಕೋ ಅಣ್ಣ. ಹೊಸ ಬಟ್ಟೆ, ಒಂದು ಒಗೆತಕ್ಕೆ ಕುಗ್ಗುತ್ತೆ."

"ಬೆಲ್ಟಿಗೆ ಆಗಲೇ ಎರಡು ತೂತು ಹೊಸದಾಗಿ ಹೊಡೆಸಿದ್ದೀನಿ ಕಣೋ."

ಪರದೆಯ ಹಿಂದೆ ಯಂತ್ರದ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದು ಮೊಳೆಯಿಂದ ಟೇಪು ತೆಗೆದು ಕೊಟ್ಟಳು. "ಒಂದ್ಸಲ ಸೊಂಟಕ್ಕೆ ಸುತ್ಕೊಳ್ಳಿ ಭಾವ."

ಟೇಪು ಮೂವತ್ತೊಂದು ತೋರಿಸಿತು.

"ಆ ಟೇಪು ಹಳೇದು. ಎಳೆದೂ ಎಳೆದೂ ಹಿಗ್ಗಿದೆ, ಕಮ್ಮಿ ತೋರಿಸುತ್ತೆ" ಎಂದ ಮಾಸ್ಟರ್.

"ನೀವು ಎಳೆದಿದ್ದು ಯಾವಾಗ?"

ಅವಳು ಭಾವ ಕಳಚಿಟ್ಟಿದ್ದ, ಹೋದ ವರ್ಷ ಮಾಸ್ಟರೇ ಮೂವತ್ತಾರಕ್ಕೆ ಹೊಲಿದಿದ್ದ ಹಳೆಯ ಪ್ಯಾಂಟನ್ನು ಮೇಜಿನ ಮೇಲೆ ಹರವಿ ಅದೇ ಟೇಪು ಹಿಡಿದಳು. ಸರಿಯಾಗಿ ಮೂವತ್ತಾರು.

"ಭಾವ, ಮೈಗೆ ಹುಷಾರಾಗಿದ್ದೀರಾ?"

"ಹುಷಾರಾಗಿದ್ದೀನಮ್ಮ. ಬಾಯಾರಿಕೆ ಜಾಸ್ತಿ, ಅಷ್ಟೇ. ಸ್ಟಾಪಿಗೊಂದ್ಸಲ ನೀರು ಕುಡೀತೀನಿ, ಸ್ಟಾಪಿಗೊಂದ್ಸಲ ಇಳಿದು ಓಡ್ತೀನಿ. ಪ್ಯಾಸೆಂಜರ್‌ಗಳು ಬೈತಾರೆ." ನಕ್ಕ ಅಣ್ಣ ಸ್ವಲ್ಪ ದನಿ ತಗ್ಗಿಸಿದ. "ಎದುರು ಬರೋ ಗಾಡಿ ಒಂದೊಂದ್ಸಲ ಮಂಜಾಗಿ ಕಾಣ್ಸುತ್ತೆ. ಬಿಸಿಲಿಗಿರಬೇಕು."

ಇನ್ನರ್ಧ ಗಂಟೆಗೆ ಅವನ ಬಸ್ಸು ಹೊರಡಬೇಕಿತ್ತು, ಐವತ್ತು ಜನರನ್ನು ಹೊತ್ತು. "ಬಿಸಿಲಿಗೇ ಕಣಣ್ಣ, ನೋಡಿದ್ರೆ ಗೊತ್ತಾಗಲ್ವಾ" ಎನ್ನಲು ಮಾಸ್ಟರ್ ಬಾಯಿ ತೆರೆದ. ಕಣ್ಣು ಮೇಜಿನ ಮೇಲಿನ ಹಳೆಯ ಪ್ಯಾಂಟಿನ ಮೇಲೆ ಬಿತ್ತು. ಕತ್ತರಿ ಕೆಳಗಿಟ್ಟು ಅಂಗಡಿಯ ಬಾಗಿಲೆಳೆದ. "ರಜೆ ಹೇಳಣ್ಣ. ಆಸ್ಪತ್ರೆಗೆ ಹೋಗೋಣ."

ರಕ್ತದಲ್ಲಿ ಸಕ್ಕರೆ ನಾನೂರು ದಾಟಿತ್ತು. ಹೀಗೇ ಬಿಟ್ಟಿದ್ದರೆ ಸ್ಟಿಯರಿಂಗ್ ಹಿಡಿದಲ್ಲೇ ಎಚ್ಚರ ತಪ್ಪಬಹುದಿತ್ತು ಎಂದ ಡಾಕ್ಟರು ಅಣ್ಣನನ್ನು ದಾಖಲು ಮಾಡಿಕೊಂಡರು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೆಂಡತಿಯನ್ನು ಮಾಸ್ಟರ್ ಕೇಳಿದ, "ದಿನಾ ಎದುರಿಗೇ ಕೂತು ಚಹಾ ಕುಡೀತಿದ್ದ. ನಂಗ್ಯಾಕೆ ಕಾಣ್ಲಿಲ್ಲ?"

"ನೀವು ಭಾವನ್ನ ನೋಡ್ಲೇ ಇಲ್ಲ. ಮೂವತ್ತಾರನ್ನ ನೋಡ್ತಿದ್ರಿ."

"ಬೇರೆಯವರದ್ದೆಲ್ಲ ಸರಿಯಾಗೇ ಹೇಳ್ತಿದ್ನಲ್ಲ?"

"ಹತ್ತಕ್ಕೆ ಮೂರು ನನ್ನ ಬುಟ್ಟಿಗೆ ಬರ್ತಿತ್ತು."

"ಒಂದಿನಾನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ಅವರು ದಪ್ಪ ಆದ್ರು ಅಂದ್ರಿ."

ಅವಳ ದನಿಯಲ್ಲಿ ಕುಟುಕು ಇರಲಿಲ್ಲ.

ಮೂರು ವಾರದ ನಂತರ ಅಣ್ಣ ಅದೇ ಹೊಸ ಪ್ಯಾಂಟು ಹಿಡಿದು ಬಂದ. ಮುಖದಲ್ಲಿ ಕಳೆ ಬಂದಿತ್ತು. ಮತ್ತೆ ಡ್ಯೂಟಿಗೆ ಕಳಿಸುವ ಮೊದಲು ಇನ್ನೊಂದು ಪರೀಕ್ಷೆ ಬಾಕಿಯಿತ್ತು.

"ತೂಕ ಮತ್ತೆ ಬರುತ್ತಂತೆ ಕಣೋ. ಎಷ್ಟಕ್ಕೆ ಬಂದು ನಿಲ್ತೀನಿ, ನಿನ್ನ ಕಣ್ಣಿಗೆ ಏನನ್ಸುತ್ತೆ?"

ಮಾಸ್ಟರ್ ಅಣ್ಣನನ್ನು ನೋಡಿದ. ಸಂಖ್ಯೆಯೊಂದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಗೊತ್ತಿಲ್ಲಣ್ಣ" ಎಂದ. ಪ್ಯಾಂಟಿನ ಸೊಂಟದಲ್ಲಿ ಹೆಚ್ಚಾದ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಚಿ, ಬೇಕಾದಾಗ ಬಿಚ್ಚಲು ಬರುವಂತೆ ಕಚ್ಚಾ ಹೊಲಿಗೆ ಹಾಕತೊಡಗಿದ.