ಕತ್ತಲಲ್ಲಿ ಅಳೆದ ಹಾಲು

ಊರಿನ್ನೂ ಮಗ್ಗುಲು ಬದಲಿಸುವ ಹೊತ್ತಿಗೆ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಒಂದು ಕೆಂಪು ಬಲ್ಬು ಹೊತ್ತಿಕೊಳ್ಳುತ್ತದೆ. ಕಿಟಕಿಗಳಿಗೆ ಕಪ್ಪು ಪರದೆ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ. ಆ ಮಬ್ಬಿನಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಬೆರಳುದ್ದದ ಗಾಜಿನ ನಳಿಗೆಗಳಿಗೆ ಶಾಲೆಯೊಂದರ ಮಕ್ಕಳ ರಕ್ತವನ್ನು ಹನಿ ಹನಿಯಾಗಿ ಬಿಡುತ್ತಿರುವವರನ್ನು ಸಹೋದ್ಯೋಗಿಗಳು ಕರೆಯುವುದು ‘ಕತ್ತಲಮ್ಮ’ ಎಂದೇ. ಈ ಬೆಳಗಿನ ಫಲಿತಾಂಶ ಸರಿಬಂದರೆ ಆ ಮಕ್ಕಳಿಗೆ ದಿನಾ ಸಿಗುವ ಹಾಲು ಮುಂದುವರಿಯುತ್ತದೆ; ಇಲ್ಲವಾದರೆ ನಿಲ್ಲುತ್ತದೆ. ಕತ್ತಲಮ್ಮ ಮುಂದಿನ ನಳಿಗೆಗೆ ಕೈ ಹಾಕುತ್ತಾರೆ.

ಇವರು ಜೀವರಸಾಯನ ವಿಜ್ಞಾನಿ. ಉಂಡ ಆಹಾರವನ್ನು ದೇಹ ಶಕ್ತಿಯಾಗಿ ಮಾಡಿಕೊಳ್ಳುವಾಗ ಬಿ-ಟೂ ಜೀವಸತ್ವ ಹೇಗೆ ನೆರವಾಗುತ್ತದೆ ಎಂಬುದೊಂದನ್ನೇ ಪಟ್ಟು ಹಿಡಿದು ಮೂರು ದಶಕ ಕೂತವರು. ಈ ಜೀವಸತ್ವಕ್ಕೆ ಬೆಳಕೆಂದರೆ ಆಗದು, ಬಿಸಿಲಿಗಿಟ್ಟರೆ ಹಾಳಾಗುತ್ತದೆ. ಸೇರಿದ ಹೊಸದರಲ್ಲಿ ಇವರಿಗೆ ಕೊಟ್ಟದ್ದು ಮುರಿದ ಕುರ್ಚಿ ಪೇರಿಸಿದ್ದ, ಕಿಟಕಿಯೇ ಇಲ್ಲದ ಕೋಣೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಮಾದರಿಗಳನ್ನು ಸುತ್ತುವ ಕಪ್ಪು ಚೀಲಗಳನ್ನು ಇಂದಿಗೂ ಹೊಲಿದುಕೊಡುವವರು ದರ್ಜಿಯಾಗಿರುವ ಗಂಡ. “ಮನೇಲಿ ಫ್ರಿಜ್ ಬಾಗಿಲು ತೆಗೆದ್ರೂ ಬೇಗ ಮುಚ್ಚಿ, ಹಾಲಿಗೆ ಬೆಳಕು ಬೀಳತ್ತೆ ಅಂತಾಳೆ. ಇವಳನ್ನ ಕಟ್ಕೊಂಡ ಮೇಲೆ ಕತ್ತಲಲ್ಲೂ ಸೂಜಿಗೆ ದಾರ ಪೋಣಿಸೋದು ಕಲಿತೆ” ಎಂದು ಅವರು ಕಾಲೆಳೆಯುತ್ತಾರೆ.

ಇಷ್ಟು ಎಚ್ಚರದವರನ್ನು ಆ ಎಚ್ಚರವೇ ಒಮ್ಮೆ ಎಡವಿಸಿತು. ಆ ಶಾಲೆಯ ಮಕ್ಕಳು ದಿನಾ ಒಂದು ಬಾಟಲಿ ಹಾಲು ಕುಡಿದರೂ ಅವರ ಬಾಯಿಯ ಮೂಲೆಗಳು ಒಡೆದು ಹುಣ್ಣಾಗುತ್ತಿದ್ದವು. ಉರಿಗೆ ಹೆದರಿ ಮಕ್ಕಳು ತುತ್ತಿಗೂ ಸರಿಯಾಗಿ ಬಾಯಿ ತೆರೆಯುತ್ತಿರಲಿಲ್ಲ. ರಕ್ತದಲ್ಲಿ ಬಿ-ಟೂ ಕೊರತೆ ಕಂಡಿತು. ಕತ್ತಲಮ್ಮ ತಾವೇ ಡೈರಿಗೆ ಹೋಗಿ ಹಾಲನ್ನು ಕಪ್ಪು ಚೀಲದಲ್ಲಿ ಸುತ್ತಿ ತಂದು, ಕೆಂಪು ದೀಪದಲ್ಲಿ ಪರೀಕ್ಷಿಸಿದರು. ಜೀವಸತ್ವ ಭರ್ತಿಯಾಗಿತ್ತು. ವರದಿಗೆ ಸಹಿ ಬಿತ್ತು. ಅದನ್ನು ಹಿಡಿದು, ಶಾಲೆಗೆ ಹಾಲು ಕೊಡಿಸುವ ಸಮಿತಿಯವರು, ‘ಹಾಲಿನಲ್ಲಿ ದೋಷವಿಲ್ಲ, ಮಕ್ಕಳೇ ಚೆಲ್ಲುತ್ತಾರೆ, ನಿಲ್ಲಿಸೋಣ’ ಎಂದರು.

ಮುಖ್ಯೋಪಾಧ್ಯಾಯಿನಿ ಪ್ರಯೋಗಾಲಯಕ್ಕೇ ಬಂದರು. “ನನ್ನ ಕಣ್ಣೆದುರೇ ಕುಡೀತಾರೆ ಮೇಡಂ. ನೀವೇ ಬಂದು ನೋಡಿ.”

ಕತ್ತಲಮ್ಮ ಹೋಗಿ ನೋಡಿದರೆ, ಬೆಳಿಗ್ಗೆಯೇ ಬಂದಿಳಿದ ಬಣ್ಣವಿಲ್ಲದ ಗಾಜಿನ ಬಾಟಲಿಗಳು ಗೇಟಿನ ಬಳಿ ಬಿಸಿಲು ಕಾಯಿಸುತ್ತ ಕೂತಿವೆ. ಮಕ್ಕಳ ಕೈಗೆ ಬರುವುದು ಮಧ್ಯಾಹ್ನದ ಗಂಟೆ ಹೊಡೆದ ಮೇಲೆ.

“ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ನಾನು ಕತ್ತಲಲ್ಲಿ ಅಳೆದಿದ್ದೆ, ಆ ಮಕ್ಕಳು ಬಿಸಿಲಲ್ಲಿಟ್ಟಿದ್ದು ಕುಡೀತಿದ್ರು” ಎಂದು ನೆನೆಯುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಕತ್ತಲೆಯ ಆಚೆಗಿದ್ದ ಬಿಸಿಲೇ ಕಂಡಿರಲಿಲ್ಲ.

ವರದಿ ಹಿಂದಕ್ಕೆ ಪಡೆಯುತ್ತೇನೆ ಎಂದಾಗ ಸಂಸ್ಥೆಯ ಮುಖ್ಯಸ್ಥರು ಹೌಹಾರಿದರು. “ಇಷ್ಟು ವರ್ಷದ ಹೆಸರು ಏನಾಗ್ಬೇಕು?”

“ನನ್ನ ಹೆಸರು ಕುಡಿದು ಮಕ್ಕಳು ಬೆಳೆಯಲ್ಲ ಸರ್” ಎಂದು ಬಂದರು ಕತ್ತಲಮ್ಮ. ಸಮಿತಿಯ ಮುಂದೆ ನಿಂತು ತಪ್ಪು ತಮ್ಮದೆಂದರು. ಹಾಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತಂದು, ಬಂದ ಕೂಡಲೇ ಕುಡಿಸಿ ನೋಡಲು ಈ ಶಾಲಾವರ್ಷ ಮುಗಿಯುವವರೆಗೆ ಗಡುವು ಸಿಕ್ಕಿತು. ಆ ಗಡುವು ತೀರುವುದು ಇಂದು.

ಯಂತ್ರ ಒಂದೊಂದೇ ಅಂಕಿ ಕೊಡುತ್ತದೆ. ಕತ್ತಲಮ್ಮ ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಾರೆ. ರಕ್ತಕಣಗಳಲ್ಲಿ ಬಿ-ಟೂ ಇಲ್ಲದೆ ಸೊರಗಿದ್ದ ಕಿಣ್ವ ಈಗ ಚುರುಕಾಗಿ ದುಡಿಯುತ್ತಿದೆ. ಬಹುಪಾಲು ಮಕ್ಕಳು ಕೊರತೆಯಿಂದ ಹೊರಬಂದಿದ್ದಾರೆ. ಕತ್ತಲಮ್ಮ ಪರದೆ ಸರಿಸುತ್ತಾರೆ, ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಗುತ್ತಾರೆ. ಖುಷಿ ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಸುದ್ದಿ ಹೇಳಲು ನೇರ ಶಾಲೆಗೇ ಹೋಗುತ್ತಾರೆ. ತರಗತಿಯ ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿಗೆ ಫಲಿತಾಂಶ ವಿವರಿಸುತ್ತಿರುವಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗಂಟಲು ಕಾಣುವಂತೆ ಆಕಳಿಸುತ್ತಾಳೆ.

“ಏಯ್, ಬಾಯಿ ಮುಚ್ಚು” ಎಂದು ಮುಖ್ಯೋಪಾಧ್ಯಾಯಿನಿ ಗದರುತ್ತಾರೆ.

ಕತ್ತಲಮ್ಮ ಮುಖ್ಯೋಪಾಧ್ಯಾಯಿನಿಯ ತೋಳು ಹಿಡಿಯುತ್ತಾರೆ. “ಬೈಬೇಡಿ ಟೀಚರ್. ಎಷ್ಟು ಅಗಲ ಬಾಯಿ ತೆರೀತಾಳೆ ನೋಡಿ.”