ಎಕ್ಸ್-ರೇಯಲ್ಲಿ ಬಂದ ಉಂಗುರ

ಟಪಾಲು ಬಸಪ್ಪನ ಕಾಲಿನ ಎಕ್ಸ್-ರೇ ತೆಗೆದರೆ ಅದರಲ್ಲಿ ಒಂದು ಉಂಗುರ ಕಾಣಿಸಿತು. ಹೇಗೆ, ಹೇಳಿ ನೋಡೋಣ?

ನಮ್ಮ ಯಲಬುರ್ಗಾ ಕಚೇರಿಯ ಟಪಾಲನ್ನು ಬೇವೂರಿಗೆ ಹೊರುತ್ತಿದ್ದ ಬಸಪ್ಪನ ಕಣಕಾಲು ನಡೆಯುವಾಗ ಮತ್ತೆ ಮತ್ತೆ ಹೊರಳುತ್ತಿತ್ತು. ಇದು ನೆಪವೆಂದು ಗೊತ್ತಾದರೆ ನೌಕರಿಯಿಂದ ತೆಗೆಯುತ್ತೇನೆ ಎಂದ ಸಾಹೇಬರು, ಗುಮಾಸ್ತನಾಗಿದ್ದ ನನ್ನನ್ನು ಅವನ ಜೊತೆ ದೊಡ್ಡ ದವಾಖಾನೆಗೆ ಕಳಿಸಿದರು.

ಮೊದಲ ಚಿತ್ರದಲ್ಲಿ ಎಲುಬುಗಳೆಲ್ಲ ನೆಟ್ಟಗಿದ್ದವು. ಬಸಪ್ಪನ ಮುಖ ಇಳಿಯಿತು. "ಮಲಗಿದಾಗ ಛಲೋ ಇರತೈತ್ರಿ ಡಾಕ್ಟರ್ ಸಾಹೇಬ್ರ, ನಡದ್ರ ಹೊಳ್ಳತೈತಿ," ಎಂದ.

"ಹಂಗಾದ್ರ ಹೊಳ್ಳಿಸೇ ತಗಿಯೂಣು," ಎಂದ ಡಾಕ್ಟರು ನನ್ನ ಕಡೆ ತಿರುಗಿ, "ಪಾದಾ ಒಳಗ ತಿರುವಿ ಹಿಡೀರಿ," ಎಂದರು.

"ಮೆಲ್ಲಕ ಹಿಡೀರಿ ರಾಯರ, ಮುರದ್ರ ನಿಮ್ಮ ನೌಕರೀನೂ ಹೊಕ್ಕೈತಿ," ಅಂದ ಬಸಪ್ಪ.

ಎರಡನೇ ಚಿತ್ರದಲ್ಲಿ ಕೀಲಿನ ಹೊರಮಗ್ಗುಲು ಬಾಯಿ ತೆರೆದಿತ್ತು. ಎಲುಬು ಗಟ್ಟಿಯಾಗಿವೆ, ಅವನ್ನು ಕಟ್ಟಿದ ನಾರು ಹರಿದಿದೆ ಎಂದು ಡಾಕ್ಟರು ಬರೆದುಕೊಟ್ಟರು. ಚಿತ್ರದಲ್ಲಿ ಆ ಕೀಲಿನ ಪಕ್ಕದಲ್ಲೇ, ಪಾದ ಹಿಡಿದಿದ್ದ ನನ್ನ ಬೆರಳಿನ ಎಲುಬುಗಳೂ ಬಂದಿದ್ದವು, ಮದುವೆಯ ಉಂಗುರದ ಸಮೇತ.

ಬಸಪ್ಪನಿಗೆ ಕಚೇರಿಯಲ್ಲೇ ಕುಳಿತು ಟಪಾಲು ವಿಂಗಡಿಸುವ ಕೆಲಸ ಸಿಕ್ಕಿತು. ನನ್ನ ಮದುವೆಯಲ್ಲಿ ಯಾರೂ ಫೋಟೋ ತೆಗೆದಿರಲಿಲ್ಲ. ಹೊಸ ಮದುಮಗನಾಗಿ ನನ್ನದು ಇದೊಂದೇ ಫೋಟೋ. ತೆಗೆದದ್ದು ನಲವತ್ತೊಂದನೇ ಇಸವಿಯ ನಾಗರ ಪಂಚಮಿಯ ಮರುದಿನ.