ವೀರಕ್ಕ ನೀರಿಗಿಳಿದದ್ದು

ನಮ್ಮ ವೀರಕ್ಕನಿಗೆ ಈಜು ಬರುತ್ತದೆ ಅಂತ ಹನಗೋಡಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅವಳ ಗಂಡ, ನನ್ನ ಭಾವ ನೀಲಕಂಠಸ್ವಾಮಿಗೇ ಗೊತ್ತಿರಲಿಲ್ಲ ಅಂದರೆ ನೀವೇ ಲೆಕ್ಕ ಹಾಕಿ. ನಾನು ಅವಳ ವಾರಗಿತ್ತಿ, ಒಂದೇ ಒಲೆಯ ಮುಂದೆ ಅವಳ ಜೊತೆ ಬೆಂದವಳು. ನನಗೂ ಅವಳು ಬಾಯಿ ಬಿಟ್ಟದ್ದು ನನ್ನ ಮೊದಲ ಬಾಣಂತನದಲ್ಲಿ. ಸಾಲಿಗ್ರಾಮದ ಮಗಳು. ಕಾವೇರಿಯಲ್ಲಿ ಗಂಡುಹುಡುಗರಿಗಿಂತ ಮುಂಚೆ ಆಚೆ ದಡ ಮುಟ್ಟಿ ಬರುತ್ತಿದ್ದಳಂತೆ. ನಮ್ಮೂರಲ್ಲೂ ಲಕ್ಷ್ಮಣತೀರ್ಥ ಹರಿಯುತ್ತದೆ, ಹರಿದರೇನು ಬಂತು? ಸೊಸೆಯರು ಹೊಳೆಗೆ ಹೋಗುತ್ತಿದ್ದದ್ದು ಬಟ್ಟೆ ಒಗೆಯುವುದಕ್ಕೆ. ಸೀರೆ ಮೊಣಕಾಲು ದಾಟಿದರೆ ಅತ್ತೆ ದಡದಿಂದಲೇ ಕೆಮ್ಮುತ್ತಿದ್ದರು.

ವೀರಕ್ಕನ ಕೊರಳಿನ ಇಷ್ಟಲಿಂಗದ ವಿಷಯವನ್ನೂ ಹೇಳಬೇಕು. ಲಿಂಗ ನನಗೂ ಇದೆ, ಸುಳ್ಳೇಕೆ, ದೇವರ ಗೂಡಿನಲ್ಲಿಟ್ಟಿದ್ದೇನೆ, ಹಬ್ಬಕ್ಕೆ ತೆಗೆಯುತ್ತೇನೆ. ಅವಳು ಹಾಗಲ್ಲ. ಹುಡುಗಿಯಾಗಿದ್ದಾಗ ಗುರುಗಳು ಕಟ್ಟಿದ ಲಿಂಗ ಅವಳ ಮೈ ಬಿಟ್ಟದ್ದೇ ಇಲ್ಲ. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ನೀರು ಇಳಿಸಿದವಳಲ್ಲ. ಗರ್ಭಕೋಶದ ಆಪರೇಷನ್ನಿನಲ್ಲೂ ನರ್ಸಿನ ಜೊತೆ ಜಗಳವಾಡಿ ತೋಳಿಗೆ ಕಟ್ಟಿಸಿಕೊಂಡೇ ಮಲಗಿದಳು. ಲಿಂಗ ಹೋದರೆ ಪ್ರಾಣ ಹೋದಂತೆ ಎನ್ನುವ ಪೈಕಿ ಅವಳು. ಕಳೆದರೆ ಗುರುಗಳ ಕೈಯಿಂದ ಇನ್ನೊಂದು ಬರುವ ತನಕ ಅನ್ನ ನೀರು ಮುಟ್ಟುವಂತಿಲ್ಲ.

ಈ ಬೇಸಿಗೆ ರಜೆಯಲ್ಲಿ ಅವಳ ಮಗ ನಂಜುಂಡೇಶ ನಮ್ಮನ್ನೆಲ್ಲ ಕಾರಿಗೆ ತುಂಬಿಕೊಂಡು, ಮಾಕುಟ್ಟ ಘಾಟಿ ಇಳಿಸಿ ಕೇರಳಕ್ಕೆ ಹೊರಟ. ಸೊಸೆ ಮಧುಶ್ರೀ ಫೋನಿನಲ್ಲಿ ನೋಡಿ ಆರಿಸಿದ್ದು ಸಮುದ್ರದ ಹತ್ತಿರದ ಒಂದು ವಾಟರ್ ಪಾರ್ಕು. ಮೊಮ್ಮಗಳು ಶಿವಾನಿ ಮೂರನೇ ಕ್ಲಾಸು, ಅವಳಿಗೆ ದಾರಿಯುದ್ದಕ್ಕೂ ಅದೇ ಜಪ. ಭಾವ ಮಾತ್ರ "ಹೊಗೆಸೊಪ್ಪಿನ ಸಸಿಗೆ ನೀರ್ ಬುಡೋರ್ಯಾರು?" ಅಂತ ಮನೆಯಲ್ಲೇ ಉಳಿದರು.

ಅಲ್ಲಿ ಬಿಸಿಲೋ ಬಿಸಿಲು. ನೀರಿಗಿಳಿಯಬೇಕಾದರೆ ನೈಲಾನ್ ಬಟ್ಟೆಯೇ ಹಾಕಬೇಕಂತೆ. ಆ ಪ್ಯಾಂಟು ಏರಿಸಿಕೊಂಡು ನಾಲ್ಕು ಜನರ ಮುಂದೆ ನಾನು ನಿಲ್ಲುವುದೇ? ಸತ್ತರೂ ಇಲ್ಲ ಅಂದೆ. ಗಂಡ ಹೆಂಡಿರಿಬ್ಬರೂ ದೊಡ್ಡ ಜಾರುಬಂಡೆಯ ಕ್ಯೂಗೆ ಓಡಿದರು. ಶಿವಾನಿಗೆ ಅಲೆ ಏಳುವ ಕೊಳವೇ ಬೇಕು, ದೊಡ್ಡವರಿಲ್ಲದೆ ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ.

"ಅಜ್ಜೀ, ನೀನಾದ್ರೂ ಬಾ. ಪ್ಲೀಸ್ ಅಜ್ಜಿ."

ವೀರಕ್ಕ ಬಂದಾಗಿನಿಂದ ನೀರನ್ನೇ ನೋಡುತ್ತಿದ್ದಳು. "ಹೋಗ್ಲೇನೇ?" ಅಂತ ನನ್ನ ಕಡೆ ತಿರುಗಿದಳು. ಮೊಮ್ಮಗಳನ್ನು ಕಂಡ ಹೆಂಗಸು ನನ್ನ ಅಪ್ಪಣೆ ಕೇಳುತ್ತಿದ್ದಾಳೆ!

"ಹೋಗಕ್ಕ, ಕೆಮ್ಮಕ್ಕೆ ಅತ್ತೆ ಇಲ್ಲಿಲ್ಲ."

ಬಟ್ಟೆ ಬದಲಿಸಿ ಬಂದರೆ ಕಾವಲಿನವನು ತಡೆದ. ಕೊರಳಲ್ಲಿ ದಾರ, ಸರ ಏನೂ ಇರಬಾರದು, ಅಲೆಗೆ ಸಿಕ್ಕಿ ಬಿಗಿಯುತ್ತದೆ ಅಂತ ಕೈಸನ್ನೆ ಮಾಡಿದ. ವೀರಕ್ಕ ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ಆಮೇಲೆ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಮುಷ್ಟಿ ಕಟ್ಟಿದಳು. ಖಾಲಿ ಕರಡಿಗೆಯನ್ನು ದಾರದ ಸಮೇತ ನನ್ನ ಮಡಿಲಿಗೆ ಹಾಕಿದಳು.

"ಪೂಜೇಲೂ ಇದೇ ಕೈಲಲ್ವಾ ಕೂತ್ಕಳಾದು? ಇಲ್ಲೂ ಕೂತಿರ್ಲಿ ಬುಡು" ಅಂತ ನಕ್ಕಳು.

ಅಯ್ಯೋ, ಅವಳ ಮುಖ ನೋಡಬೇಕಿತ್ತು ನೀವು! ಸೈರನ್ ಕೂಗಿತು, ಅಲೆ ಎದ್ದಿತು, ವೀರಕ್ಕ ಒಂದೇ ಕೈಯಲ್ಲಿ ಬಡಿಯುತ್ತಾ, ಕಟ್ಟಿದ ಮುಷ್ಟಿಯನ್ನು ಎದೆಗೊತ್ತಿಕೊಂಡು ಮೀನಿನಂತೆ ಹೋದಳು. "ನಮ್ಮಜ್ಜಿಗೆ ಈಜು ಬರುತ್ತೆ!" ಅಂತ ಶಿವಾನಿ ಕಿರುಚಿದಳು. ನಾನು ದಡದಲ್ಲಿ ಕೂತು ಹುಚ್ಚಿಯಂತೆ ನಗುತ್ತಿದ್ದೆ.

ಇನ್ನೊಂದು ದೊಡ್ಡ ಅಲೆ ಬಂತು. ಅದು ಇಳಿದಾಗ ಶಿವಾನಿ ನಿಂತಿದ್ದ ಜಾಗದಲ್ಲಿ ಮಗು ಇಲ್ಲ.

"ಮಗಾ!" ಅಂತ ವೀರಕ್ಕ ಕೂಗಿದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಮುಳುಗಿದಳು. ಎದ್ದಾಗ ಎರಡೂ ಕೈಯಲ್ಲಿ ಮಗುವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಆ ಮಗುವೋ, ಮುಖದ ನೀರು ಒರೆಸಿಕೊಂಡು ಕಿಸಕ್ಕೆಂದು ನಕ್ಕಿತು. "ಏಮಾರಿದ್ಯಾ ಅಜ್ಜಿ? ಮೂಗು ಹಿಡ್ಕೊಂಡು ಒಳಗೆ ಕೂತಿದ್ದೆ!"

ವೀರಕ್ಕ ಅದನ್ನು ಅಪ್ಪಿಕೊಂಡಳು. ಆಮೇಲೆ ತನ್ನ ಎಡ ಅಂಗೈ ನೋಡಿಕೊಂಡಳು.

ನಾನು ಮಗುವನ್ನು ಅದರ ಅಮ್ಮನ ಹತ್ತಿರ ಅಟ್ಟಿ, ಕಾವಲಿನವನ ಹತ್ತಿರ ಓಡಿದೆ. "ಸ್ವರ್ಣಮಾಣೋ?" ಅಂದ. ಚಿನ್ನವೇ ಅಂತ. ಏನು ಹೇಳಲಿ? ನೇರಳೆಹಣ್ಣಿನಷ್ಟು ಗಾತ್ರ ತೋರಿಸಿ ಕಲ್ಲು ಅಂದೆ. ಅವನು ನನ್ನ ಮುಖವನ್ನೇ ನೋಡಿದ. "ಬರೀ ಕಲ್ಲಲ್ಲ ಕಣಯ್ಯ, ಲಿಂಗ!" ಅಂತ ಅರಚಿದೆ. ಪಾಪ, ಅಲೆ ನಿಲ್ಲಿಸಿ, ತಾನೇ ಮುಳುಗಿ ತಳವನ್ನೆಲ್ಲ ತಡಕಿದ. ಸಿಗಲಿಲ್ಲ. ನೀರು ಹೋಗುವ ಜಾಲರಿಯಲ್ಲಿ ಸಂಜೆ ನೋಡಿ ಫೋನ್ ಮಾಡುತ್ತೇವೆ ಅಂದರು. ಆ ಫೋನು ಇವತ್ತಿನವರೆಗೂ ಬಂದಿಲ್ಲ. ಅಲೆ ನಿಂತದ್ದಕ್ಕೆ ಜನ ಗಲಾಟೆ ಮಾಡಿದರು ಅಂತ ಆಗಲೇ ಮತ್ತೆ ಸೈರನ್ ಕೂಗಿಸಿದರು.

ವೀರಕ್ಕ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಮಗೀಗೆ ಹೇಳ್ಬ್ಯಾಡ ಕಣೆ."

"ಹೇಳ್ದೆ ಇನ್ನೇನು? ಎರಡು ಬಿಟ್ರೆ ಬುದ್ಧಿ ಬತ್ತದೆ ಅದ್ಕೆ!"

"ಬ್ಯಾಡ. ಆಟ ಆಡ್ತು, ಅಷ್ಟೆ. ಗೊತ್ತಾದ್ರೆ ಬದುಕಿರೋಗಂಟ ನನ್ನಿಂದಾಯ್ತು ಅಂತ ಕೊರಗ್ತದೆ. ಯಾರ್ಗೂ ಹೇಳ್ಬ್ಯಾಡ."

ಸೀರೆ ಉಟ್ಟು ಬಂದು, ಖಾಲಿ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಸೆರಗು ಮುಚ್ಚಿದಳು. ಮಗನಿಗೂ ಸೊಸೆಗೂ ಏನೂ ಗೊತ್ತಾಗಲಿಲ್ಲ.

ಊಟಕ್ಕೆ ಕೂತೆವು. ಹೊಟ್ಟೆ ಸರಿಯಿಲ್ಲ ಅಂದಳು ವೀರಕ್ಕ. ಶುಗರ್ ಮಾತ್ರೆ ನುಂಗಬೇಕಲ್ಲವ್ವಾ ಅಂತ ನಂಜುಂಡೇಶ ರೇಗಿದ. ಅವಳು ನೀರಿನ ಲೋಟವನ್ನೂ ಮುಟ್ಟಲಿಲ್ಲ. ಗಂಡ ಹೆಂಡಿರು ಉಂಡು ಕೈ ತೊಳೆಯಲು ಎದ್ದರು. ಶಿವಾನಿ ತನ್ನ ಮೊಸರನ್ನದ ತಟ್ಟೆ ಹಿಡಿದು ಅಜ್ಜಿಯ ಎದುರು ಬಂದು ನಿಂತಳು.

"ಅಜ್ಜಿ, ನಾನು ಏಮಾರ್ಸಿದ್ದಕ್ಕೆ ಕೋಪನಾ?"

"ಇಲ್ಲ ಕಣವ್ವ."

"ಮತ್ಯಾಕೆ ತಿಂತಿಲ್ಲ? ನನ್ನಿಂದಾನೇ ಅಲ್ವಾ?"

ಹೌದು ಕಣೇ, ನಿನ್ನಿಂದಲೇ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ವೀರಕ್ಕ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಕಟ್ಟಿತು. ಮಗು ತುಟಿ ಉಬ್ಬಿಸಿ ಇನ್ನೇನು ಅಳಬೇಕು.

ವೀರಕ್ಕ ಬಾಯಿ ತೆರೆದಳು. ಶಿವಾನಿ ಒಂದು ತುತ್ತು ಇಟ್ಟಳು. ವೀರಕ್ಕ ಅಗಿದಳು, ನುಂಗಿದಳು. ನನಗೆ ನೋಡಲಾಗಲಿಲ್ಲ.

"ಉಪ್ಪು ಸಾಲ್ದು ಕಣವ್ವ, ಒಸಿ ಉಪ್ಪಿನಕಾಯಿ ತಕಬಾ" ಅಂದಳು. ಮಗು ತಟ್ಟೆಯನ್ನು ಅಜ್ಜಿಯ ಮುಂದಿಟ್ಟು ಕುಣಿಯುತ್ತಾ ಓಡಿತು. ಅದು ಬೆನ್ನು ತಿರುಗಿಸಿದ್ದೇ ತಡ, ವೀರಕ್ಕನ ಕಣ್ಣೀರು ತಟಪಟ ತಟ್ಟೆಗೇ ಬಿತ್ತು.

"ಅಕ್ಕಾ, ಸಾಕು, ಬುಟ್ಬುಡು" ಅಂದೆ.

"ಸುಮ್ಕಿರೆ, ಮಗ ಬತ್ತದೆ" ಅಂದು ಮುಖ ಒರೆಸಿಕೊಂಡು, ಮುಂದಿನ ತುತ್ತು ಕಲಸತೊಡಗಿದಳು.